ಟೋಕಿಯೋದಲ್ಲಿ ಹುಲಿ, ಪ್ಯಾರಿಸ್‌ನಲ್ಲಿ ಯಾಕೆ ಹಿಂದೆ?

ಫ್ರಾನ್ಸ್‌ನಲ್ಲಿ ಕುದುರೆ ರೇಸ್‌ಗೆ ಮುಂಚೆ ಟ್ರ್ಯಾಕ್ ನೋಡಿಕೊಳ್ಳುವವರು ಒಂದು ಲೋಹದ ಸರಳು ಹಿಡಿದು ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲಲ್ಲಿ ನಿಂತು ಸರಳನ್ನು ನೆಟ್ಟಗೆ ಹಿಡಿದು, ಅದರ ಮೇಲೆ ಒಂದು ತೂಕದ ಕಲ್ಲನ್ನು ಬೀಳಿಸುತ್ತಾರೆ. ಸರಳು ಮಣ್ಣಿನೊಳಗೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುತ್ತಾರೆ. ಜಾಸ್ತಿ ಇಳಿದಷ್ಟೂ ನೆಲ ಮೆತ್ತಗಿದೆ ಅಂತ ಅರ್ಥ.

ಜಪಾನಿನಲ್ಲೂ ನೆಲ ಅಳೆಯುತ್ತಾರೆ. 2020ರಿಂದ ಅಲ್ಲಿನ ರೇಸಿಂಗ್ ಸಂಸ್ಥೆ ‘ಕುಶನ್ ಮೌಲ್ಯ’ ಅಂತ ಒಂದು ಅಂಕಿ ಪ್ರಕಟಿಸುತ್ತಿದೆ. ಆದರೆ ಅವರು ಅಳೆಯುವ ರೀತಿಯೇ ಬೇರೆ. ಲೋಹದ ಸುತ್ತಿಗೆಯಂಥ ಒಂದು ತೂಕವನ್ನು ಹುಲ್ಲಿನ ಮೇಲೆ ಬಿಟ್ಟು, ನೆಲ ಅದನ್ನು ಎಷ್ಟು ಜೋರಾಗಿ ತಡೆಯುತ್ತದೆ ಅಂತ ನೋಡುತ್ತಾರೆ.

ಒಬ್ಬರು ಕೇಳುವುದು ಕಾಲು ಎಷ್ಟು ಹೂತುಹೋಗುತ್ತದೆ ಅಂತ. ಇನ್ನೊಬ್ಬರು ಕೇಳುವುದು ಕಾಲು ಎಷ್ಟು ಪುಟಿಯುತ್ತದೆ ಅಂತ. ಜಪಾನಿ ಕುದುರೆಗಳು ಪ್ಯಾರಿಸ್‌ಗೆ ಹೋಗಿ ಸೋತು ಬರುವ ಕಥೆಯ ಮುಕ್ಕಾಲು ಪಾಲು ಈ ಎರಡು ಪ್ರಶ್ನೆಗಳ ನಡುವೆಯೇ ಇದೆ ಅಂತ ನನಗೆ ಅನ್ನಿಸುತ್ತದೆ.

ಪ್ರತಿ ವರ್ಷ ಅಕ್ಟೋಬರ್‌ನ ಮೊದಲ ಭಾನುವಾರ ಪ್ಯಾರಿಸ್‌ನ ಲಾಂಗ್‌ಶಾಂ ರೇಸ್‌ಕೋರ್ಸ್‌ನಲ್ಲಿ ಪ್ರಿ ದ ಲಾರ್ಕ್ ದ ತ್ರಿಯೋಂಫ್ ನಡೆಯುತ್ತದೆ. ಎಲ್ಲರೂ ಚಿಕ್ಕದಾಗಿ ಆರ್ಕ್ ಅಂತಾರೆ. 2400 ಮೀಟರ್, ಹುಲ್ಲಿನ ಟ್ರ್ಯಾಕ್. ನಮಗೆ ಇಲ್ಲಿ ಸಂಜೆ ಏಳೂವರೆ ಹೊತ್ತು, ಟೋಕಿಯೋದಲ್ಲಿ ರಾತ್ರಿ ಹನ್ನೊಂದು. ಅಷ್ಟೊತ್ತಿನಲ್ಲೂ ಜಪಾನಿನಲ್ಲಿ ಲಕ್ಷಾಂತರ ಜನ ನಿದ್ದೆಗೆಟ್ಟು ಟಿವಿ ಮುಂದೆ ಕೂತಿರುತ್ತಾರೆ. 1969ರಲ್ಲಿ ಸ್ಪೀಡ್ ಸಿಂಬೊಲಿ ಅನ್ನುವ ಕುದುರೆ ಮೊದಲ ಸಲ ಅಲ್ಲಿ ಓಡಿತು. ಅಲ್ಲಿಂದ ಇಲ್ಲಿಯವರೆಗೆ ಮೂವತ್ತಕ್ಕೂ ಹೆಚ್ಚು ಸಲ ಜಪಾನಿ ಕುದುರೆಗಳು ಆರ್ಕ್‌ನಲ್ಲಿ ಓಡಿವೆ. ನಾಲ್ಕು ಸಲ ಎರಡನೆಯ ಸ್ಥಾನ ಬಂದಿದೆ. ಗೆಲುವು ಮಾತ್ರ ಒಂದೂ ಇಲ್ಲ. ಹಾಗೆ ನೋಡಿದರೆ 1920ರಲ್ಲಿ ಶುರುವಾದ ಈ ರೇಸನ್ನು ಯುರೋಪಿನ ಹೊರಗೆ ತಯಾರಾದ ಯಾವ ಕುದುರೆಯೂ ಗೆದ್ದಿಲ್ಲ.

2025ರದ್ದು ಇನ್ನೂ ಹಸಿ ಗಾಯ. ಮೂರು ಜಪಾನಿ ಕುದುರೆಗಳು ಹೋಗಿದ್ದವು. ಆ ವರ್ಷದ ಜಪಾನ್ ಡರ್ಬಿ ಗೆದ್ದ ಕ್ರ್ವಾ ದು ನೋರ್, ಜೊತೆಗೆ ಬೈಜಾಂಟಿನ್ ಡ್ರೀಮ್ ಮತ್ತು ಅಲೋಹಿ ಅಲಿಈ. ಮೂರೂ ಸುಮ್ನೆ ಹೋಗಿ ಇಳಿದವಲ್ಲ. ಮೂರೂ ಫ್ರಾನ್ಸ್‌ನಲ್ಲೇ ಒಂದೊಂದು ತಯಾರಿ ರೇಸ್ ಓಡಿ, ಮೂರೂ ಗೆದ್ದಿದ್ದವು. ಇನ್ನೇನು ಬೇಕು ಅನ್ನಿಸಿತ್ತು. ಆದರೆ ಆರ್ಕ್ ದಿನ ನೆಲ ನೆಂದು ಮೆತ್ತಗಾಗಿತ್ತು. ಫ್ರಾನ್ಸ್‌ನ ಡಾರಿಜ್ ಗೆದ್ದಿತು. ಬೈಜಾಂಟಿನ್ ಡ್ರೀಮ್ ಐದನೆಯದು. ಡರ್ಬಿ ಗೆದ್ದ ಕ್ರ್ವಾ ದು ನೋರ್ ಮತ್ತು ಅಲೋಹಿ ಅಲಿಈ ಹತ್ತಕ್ಕಿಂತ ಹಿಂದೆ ಎಲ್ಲೋ ಉಳಿದವು.

ಇಂಥ ಸೋಲು ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಒಂದು, ಪ್ರಯಾಣದ ಸುಸ್ತು. ಇನ್ನೊಂದು, ‘ಮನೇಲಿ ಹುಲಿ, ಬೀದೀಲಿ ಇಲಿ’ ಅನ್ನುವ ನಮ್ಮ ಗಾದೆಯ ಧಾಟಿಯದು: ಈ ಕುದುರೆಗಳು ಮನೆಯಲ್ಲಿ ಗೆದ್ದಿದ್ದೇ ಎದುರಾಳಿ ಸರಿಯಿಲ್ಲ ಅಂತ. ಮೊದಲನೆಯದರಲ್ಲಿ ಸ್ವಲ್ಪ ನಿಜ ಇದೆ. ಎರಡನೆಯದು ಪೂರ್ತಿ ತಪ್ಪು.

ಪ್ರಯಾಣದ್ದು ಮೊದಲು ಮುಗಿಸಿಬಿಡೋಣ. ಕುದುರೆ ವಿಮಾನದಲ್ಲಿ ಇಕ್ಕಟ್ಟಾದ ಗೂಡಿನಲ್ಲಿ ನಿಂತುಕೊಂಡೇ ಗಂಟೆಗಟ್ಟಲೆ ಹೋಗಬೇಕು. ಕಷ್ಟ ಇರುವುದು ತಲೆಯದ್ದು. ಮೇಯುವಾಗ ಕುದುರೆ ತಲೆ ಕೆಳಗೆ ಹಾಕುತ್ತದೆ, ಆಗ ಉಸಿರಿನ ದಾರಿಯಲ್ಲಿರುವ ಕಫ, ಧೂಳು ತಾನಾಗಿ ಹೊರಗೆ ಹರಿದುಹೋಗುತ್ತದೆ. ವಿಮಾನದಲ್ಲಿ ತಲೆ ಮೇಲೆಯೇ ಕಟ್ಟಿರುತ್ತಾರೆ. ಕಫ ಒಳಗೇ ನಿಂತು ಕೆಲವು ಕುದುರೆಗಳಿಗೆ ಜ್ವರ ಬರುತ್ತದೆ, ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ. ಮೈ ತೂಕ ಇಳಿಯುತ್ತದೆ. ಹೊಸ ಊರಿನ ನೀರು ಕುಡಿಯದೆ ಮುಖ ತಿರುಗಿಸುವ ಕುದುರೆಗಳೂ ಉಂಟು. ಗುಂಪಿನಲ್ಲಿ ಬದುಕುವ ಪ್ರಾಣಿ ಅದು, ಒಂಟಿಯಾದರೆ ಕಂಗಾಲಾಗುತ್ತದೆ. ಅದಕ್ಕೇ ಜಪಾನಿನ ಟ್ರೇನರ್‌ಗಳು ಜೊತೆಗೊಂದು ಸಂಗಾತಿ ಕುದುರೆಯನ್ನೂ ಕಳಿಸುತ್ತಾರೆ. 2006ರಲ್ಲಿ ಡೀಪ್ ಇಂಪ್ಯಾಕ್ಟ್ ಜೊತೆ ಪಿಕಾರೆಸ್ಕ್ ಕೋಟ್ ಹೋಗಿತ್ತು, 2012ರಲ್ಲಿ ಓರ್ಫೆವ್ರ್ ಜೊತೆ ಅವೆಂಟಿನೊ. ದೊಡ್ಡ ಕುದುರೆಗೆ ಧೈರ್ಯ ತುಂಬುವುದೇ ಇವುಗಳ ಮುಖ್ಯ ಕೆಲಸ.

ಆದರೆ ಪ್ರಯಾಣವೇ ಕಾರಣ ಅನ್ನುವುದಾದರೆ ಜಪಾನಿ ಕುದುರೆಗಳು ಎಲ್ಲ ಕಡೆಯೂ ಸೋಲಬೇಕಿತ್ತು, ಅಲ್ವಾ? ಹಾಗೆ ಆಗಿಲ್ಲ. 2022ರ ಮಾರ್ಚ್‌ನಲ್ಲಿ ದುಬೈ ವರ್ಲ್ಡ್ ಕಪ್‌ನ ಒಂದೇ ರಾತ್ರಿ ಐದು ರೇಸ್‌ಗಳಲ್ಲಿ ಜಪಾನಿ ಕುದುರೆಗಳು ಗೆದ್ದವು, ಅದರಲ್ಲಿ ಒಂದು ಮಾತ್ರ ಸಮಬಲದ ಗೆಲುವು. 2023ರಲ್ಲಿ ಪಂಥಲಸ್ಸಾ ಸೌದಿ ಕಪ್ ಗೆದ್ದಿತು, ಅದೇ ವರ್ಷ ಉಶ್ಬಾ ಟೆಸೊರೊ ದುಬೈ ವರ್ಲ್ಡ್ ಕಪ್ ಗೆದ್ದಿತು. ಯೊಶಿತೊ ಯಹಾಗಿ ತರಬೇತಿ ಕೊಟ್ಟ ಫಾರೆವರ್ ಯಂಗ್ 2024ರ ಕೆಂಟಕಿ ಡರ್ಬಿಯಲ್ಲಿ ಮೂಗಿನ ಅಂತರದಲ್ಲಿ ಮೂರನೆಯದಾಯಿತು. 2025ರಲ್ಲಿ ಸೌದಿ ಕಪ್ ಗೆದ್ದು, ನವೆಂಬರ್‌ನಲ್ಲಿ ಅಮೆರಿಕಕ್ಕೆ ಹೋಗಿ ಬ್ರೀಡರ್ಸ್ ಕಪ್ ಕ್ಲಾಸಿಕ್ಕನ್ನೇ ಗೆದ್ದುಕೊಂಡು ಬಂತು. ಕ್ಯಾಲಿಫೋರ್ನಿಯಾ ಏನೂ ಟೋಕಿಯೋದ ಪಕ್ಕದ ಊರಲ್ಲ.

ಹಾಗಾಗಿ ‘ಹೊರಗಡೆ ಸೋಲುತ್ತವೆ’ ಅನ್ನುವ ಮಾತೇ ಸರಿಯಿಲ್ಲ. ದುಬೈ, ರಿಯಾದ್, ಹಾಂಗ್‌ಕಾಂಗ್‌ನ ಟ್ರ್ಯಾಕ್‌ಗಳು ಸಾಮಾನ್ಯವಾಗಿ ಗಟ್ಟಿ, ಸಮತಟ್ಟು, ವೇಗದವು. ಅಲ್ಲಿ ಅವು ಗೆಲ್ಲುತ್ತವೆ. ಪ್ಯಾರಿಸ್‌ನಲ್ಲಿ, ಅದೂ ಅಕ್ಟೋಬರ್ ಮಳೆಯಲ್ಲಿ, ಸೋಲುತ್ತವೆ. ಕುದುರೆಗೆ ಮನೆ ಅಂದರೆ ದೇಶ ಅಲ್ಲ. ಗೊರಸಿನ ಕೆಳಗಿರುವ ಮಣ್ಣು.

ಇದು ಅರ್ಥವಾಗಬೇಕಾದರೆ 2012ರ ಓಟವನ್ನು ಹತ್ತಿರದಿಂದ ನೋಡಬೇಕು. ಓರ್ಫೆವ್ರ್ ಹಿಂದಿನ ವರ್ಷವಷ್ಟೇ ಜಪಾನಿನ ಟ್ರಿಪಲ್ ಕ್ರೌನ್, ಅಂದರೆ ಮೂರು ವರ್ಷದ ಕುದುರೆಗಳ ಮೂರು ದೊಡ್ಡ ರೇಸ್‌ಗಳನ್ನೂ, ಗೆದ್ದಿತ್ತು. ಕೆಂಗಂದು ಮೈ, ಬೆಂಕಿಯಂಥ ಸಿಟ್ಟು. ಆ ವರ್ಷದ ಮಾರ್ಚ್‌ನಲ್ಲಿ ಮನೆಯಲ್ಲೇ ನಡೆದ ಒಂದು ರೇಸ್‌ನಲ್ಲಿ ತಿರುವಿನ ಹೊತ್ತಿಗೆ ತಾನಾಗಿ ಹೊರಗಡೆಗೆ ನುಗ್ಗಿ, ಓಟವನ್ನೇ ನಿಲ್ಲಿಸುವ ಹಾಗೆ ಮಾಡಿ, ಮತ್ತೆ ಓಡಿ ಎರಡನೆಯದಾಗಿ ಬಂದ ಕುದುರೆ ಅದು. ಆರ್ಕ್‌ನಲ್ಲಿ ಅದರ ಮೇಲೆ ಬೆಲ್ಜಿಯಂನ ಜಾಕಿ ಕ್ರಿಸ್ಟೋಫ್ ಸುಮಿಯೋಂ ಇದ್ದ. ಹದಿನೆಂಟು ಕುದುರೆಗಳ ಗುಂಪಿನಲ್ಲಿ ಹಿಂದೆಯೇ ಇದ್ದು, ಕೊನೆಯ ನೇರ ದಾರಿಗೆ ಬಂದದ್ದೇ ಹೊರಗಿನಿಂದ ನಾಗಾಲೋಟ ಕಿತ್ತಿತು. ಒಂದಾದ ಮೇಲೊಂದು ಕುದುರೆ ಹಿಂದೆ ಬಿತ್ತು. ಮುನ್ನೂರು ಮೀಟರ್ ಇರುವಾಗ ಅದೇ ಮುಂದೆ, ನಡುವೆ ಖಾಲಿ ಜಾಗ. ರೇಸ್ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಆಮೇಲೆ ಅದು ಒಳಗಡೆಯ ಬೇಲಿಯತ್ತ ವಾಲತೊಡಗಿತು. ಕಾಲು ಎತ್ತಿ ಇಡುವ ಲಯ ತಪ್ಪಿತು. ಬೇಲಿಯ ಪಕ್ಕಕ್ಕೆ ಹೋಗಿ ಅಂಟಿಕೊಂಡಿತು. ಹಿಂದಿನಿಂದ ಸೊಲೆಮಿಯಾ ಅನ್ನುವ ಫ್ರೆಂಚ್ ಹೆಣ್ಣು ಕುದುರೆ, ಯಾರೂ ಲೆಕ್ಕಕ್ಕೆ ಹಿಡಿಯದೇ ಇದ್ದದ್ದು, ಕೆಸರಿನಲ್ಲಿ ಒಂದೇ ಸಮ ಹೆಜ್ಜೆ ಹಾಕುತ್ತಾ ಬಂದು ಗೆರೆಯ ಹತ್ತಿರ ಕತ್ತಿನಷ್ಟು ಅಂತರದಲ್ಲಿ ದಾಟಿಬಿಟ್ಟಿತು. ಅದನ್ನು ಈಗ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ. ಸಿಟ್ಟಿನ ಕುದುರೆ ಕೊನೆಯಲ್ಲಿ ಹಟ ಮಾಡಿತು ಅಂತ ಬಹಳ ಜನ ಅಂದರು. ಹಟವೂ ಇರಬಹುದು. ಆದರೆ ನನಗೆ ಕಾಣುವುದು ದಣಿದ ಪ್ರಾಣಿ. ಗಟ್ಟಿ ನೆಲದಲ್ಲಿ ಎಷ್ಟು ಶಕ್ತಿಗೆ ಎಷ್ಟು ದೂರ ಹೋಗಬಹುದು ಅನ್ನುವ ಲೆಕ್ಕ ಅದರ ಮೈಗೆ ಗೊತ್ತಿತ್ತು. ಆ ದಿನ ಲಾಂಗ್‌ಶಾಂನಲ್ಲಿ ಆ ಲೆಕ್ಕ ನಡೆಯಲಿಲ್ಲ.

ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ. ಏಳು ವಾರ ಬಿಟ್ಟು ಅದೇ ಸೊಲೆಮಿಯಾ ಜಪಾನ್ ಕಪ್ ಓಡಲು ಟೋಕಿಯೋಗೆ ಬಂತು. ಅದೇ 2400 ಮೀಟರ್, ಎದುರಿಗೆ ಅದೇ ಓರ್ಫೆವ್ರ್. ಜೆಂಟಿಲ್‌ಡೊನ್ನಾ ಅನ್ನುವ ಮೂರು ವರ್ಷದ ಹೆಣ್ಣು ಕುದುರೆ ಗೆದ್ದಿತು, ಓರ್ಫೆವ್ರ್ ಮೂಗಿನ ಅಂತರದಲ್ಲಿ ಎರಡನೆಯದು. ಆರ್ಕ್ ಗೆದ್ದ ಸೊಲೆಮಿಯಾ ಮೊದಲ ಹತ್ತರಲ್ಲೂ ಇರಲಿಲ್ಲ.

ಆ ಎರಡು ರೇಸ್‌ಗಳ ಟೈಮ್ ಪಕ್ಕಪಕ್ಕ ಇಟ್ಟು ನೋಡಿ. ಪ್ಯಾರಿಸ್‌ನಲ್ಲಿ 2 ನಿಮಿಷ 37.68 ಸೆಕೆಂಡ್. ಟೋಕಿಯೋದಲ್ಲಿ 2 ನಿಮಿಷ 23.1 ಸೆಕೆಂಡ್. ಹದಿನಾಲ್ಕೂವರೆ ಸೆಕೆಂಡ್ ವ್ಯತ್ಯಾಸ. ನಾಗಾಲೋಟದಲ್ಲಿರುವ ಕುದುರೆ ಅಷ್ಟು ಹೊತ್ತಿನಲ್ಲಿ ಹತ್ತಿರ ಹತ್ತಿರ ಕಾಲು ಕಿಲೋಮೀಟರ್ ಹೋಗಿಬಿಡುತ್ತದೆ. ಎರಡಕ್ಕೂ 2400 ಮೀಟರ್ ಅಂತ ಹೆಸರಿರಬಹುದು. ಕುದುರೆಯ ಮೈಗೆ ಅವು ಎರಡು ಬೇರೆ ಆಟ. ಒಂದು ಟಿ20, ಇನ್ನೊಂದು ಮೋಡ ಕವಿದ ಹೆಡಿಂಗ್ಲಿಯಲ್ಲಿ ಟೆಸ್ಟ್ ಪಂದ್ಯದ ಮೊದಲ ಬೆಳಿಗ್ಗೆ.

ಸೊಲೆಮಿಯಾದ್ದು ಒಂಟಿ ಉದಾಹರಣೆಯೂ ಅಲ್ಲ. 1999ರಲ್ಲಿ ಆರ್ಕ್ ಗೆದ್ದ ಮೊಂಜ್ಯೂ ಅದೇ ವರ್ಷ ಜಪಾನ್ ಕಪ್‌ನಲ್ಲಿ ನಾಲ್ಕನೆಯದಾಯಿತು. 2011ರಲ್ಲಿ ಆರ್ಕ್ ಗೆದ್ದ ಜರ್ಮನಿಯ ಡೇನ್‌ಡ್ರೀಮ್ ಆರನೆಯದು. ಡು ಡ್ಯೂಸ್ ಅನ್ನುವ ಜಪಾನಿ ಕುದುರೆ 2022ರ ಆರ್ಕ್‌ನಲ್ಲಿ ಇಪ್ಪತ್ತು ಕುದುರೆಗಳಲ್ಲಿ ಹತ್ತೊಂಬತ್ತನೆಯದು. ಎರಡು ವರ್ಷದ ನಂತರ ಅದೇ ಡು ಡ್ಯೂಸ್ ಜಪಾನ್ ಕಪ್ ಗೆದ್ದಾಗ, ಇಂಗ್ಲೆಂಡಿನ ಡರ್ಬಿ ಗೆದ್ದು ಬಂದಿದ್ದ ಓಗುಸ್ತ್ ರೋದಾಂ ಎಂಟನೆಯದಾಗಿತ್ತು. ಯುರೋಪಿನ ಹುಲಿಗಳೂ ಟೋಕಿಯೋದಲ್ಲಿ ಹೀಗೇ. ಜಪಾನಿ ಕುದುರೆಗಳಿಗೆ ದಮ್ಮಿಲ್ಲ ಅನ್ನುವವರು ಈ ಸಾಲನ್ನು ಓದದೇ ಮಾತಾಡುತ್ತಾರೆ.

ಈಗ ನೆಲಕ್ಕೆ ಬರೋಣ. ಜಪಾನಿನ ರೇಸ್‌ಕೋರ್ಸ್‌ಗಳಲ್ಲಿ ಹುಲ್ಲಿನ ಕೆಳಗೆ ಮರಳು ಬೆರೆತ ಪದರ ಇರುತ್ತದೆ, ಅದರ ಕೆಳಗೆ ನೀರು ಬಸಿದುಹೋಗುವ ವ್ಯವಸ್ಥೆ. ಮಳೆ ಬಂದರೂ ಬೇಗ ಒಣಗುತ್ತದೆ. ಮೂಲ ಹುಲ್ಲು ಅಲ್ಲಿನ ನೊಶಿಬಾ. ನಮ್ಮ ಗರಿಕೆಯ ಹಾಗೆ ನೆಲಕ್ಕಂಟಿ ಬಳ್ಳಿಯಂತೆ ಹಬ್ಬಿ, ಬೇರುಗಳು ಹೆಣೆದುಕೊಂಡು ಚಾಪೆಯಾಗುತ್ತದೆ. ಚಳಿಗಾಲದಲ್ಲಿ ಅದು ಒಣಗುವುದರಿಂದ ಮೇಲೆ ರೈ ಹುಲ್ಲು ಬಿತ್ತುತ್ತಾರೆ. ಆ ಚಾಪೆಯ ಮೇಲೆ ಗೊರಸು ಬಿದ್ದರೆ ನೆಲ ತಿರುಗಿ ತಳ್ಳುತ್ತದೆ. ಕುದುರೆ ಕಾಲನ್ನು ಜಾಸ್ತಿ ಮೇಲಕ್ಕೆ ಎತ್ತಬೇಕಿಲ್ಲ. ನೆಲಕ್ಕೆ ಹತ್ತಿರವಾಗಿ, ಉದ್ದಕ್ಕೆ, ಬೇಗ ಬೇಗ ಹೆಜ್ಜೆ ಹಾಕಿದರೆ ಸಾಕು.

ಲಾಂಗ್‌ಶಾಂನಲ್ಲಿ ನೀರು ಹಿಡಿದಿಡುವ ಮಣ್ಣು, ದಟ್ಟ ಹುಲ್ಲು. ಸೆಪ್ಟೆಂಬರ್ ಕೊನೆಗೆ ಪ್ಯಾರಿಸ್‌ನಲ್ಲಿ ಮಳೆ ಶುರುವಾದರೆ ಗೊರಸು ಒಳಗೆ ಇಳಿಯುತ್ತದೆ. ಇಳಿದ ಕಾಲನ್ನು ಪ್ರತಿ ಹೆಜ್ಜೆಗೂ ಕಿತ್ತು ಮೇಲೆತ್ತಬೇಕು. ಮೊಣಕಾಲು ಎತ್ತರಕ್ಕೆ ಬರಬೇಕು, ಹಿಂಗಾಲಿನ ತೊಡೆಗೆ ಬಲ ಬೇಕು. ಉದ್ದ ಹೆಜ್ಜೆಯ ಕುದುರೆಗೆ ಇಲ್ಲಿ ಆ ಉದ್ದವೇ ಭಾರ.

ಗದ್ದೆಗೆ ಇಳಿದು ಗೊತ್ತಿರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಮಲೆನಾಡು, ಕರಾವಳಿ ಕಡೆ ಮಳೆಗಾಲದಲ್ಲಿ ಕೆಸರುಗದ್ದೆ ಓಟ ಇಡುತ್ತಾರೆ. ಒಂದು ವರ್ಷ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾಲೇಜು ಮಟ್ಟದಲ್ಲಿ ನೂರು ಮೀಟರ್ ಓಡುತ್ತಿದ್ದ ಹುಡುಗ ಮೊದಲ ಹತ್ತು ಹೆಜ್ಜೆಗೆ ಎಲ್ಲರಿಗಿಂತ ಮುಂದಿದ್ದ. ಅರ್ಧ ಗದ್ದೆ ದಾಟುವಷ್ಟರಲ್ಲಿ ತೊಡೆ ಕಟ್ಟಿಹೋಗಿ ನಿಂತೇಬಿಟ್ಟ. ದಿನಾ ನಾಟಿ ಕೆಲಸಕ್ಕೆ ಹೋಗುವ ಒಬ್ಬ ಮೆಲ್ಲಗೆ, ಕಾಲು ಎತ್ತಿ ಎತ್ತಿ ಇಡುತ್ತಾ ಅವನನ್ನು ದಾಟಿ ಹೋದ. ಆ ಹುಡುಗನಿಗೆ ಓಡಲು ಬರುವುದಿಲ್ಲ ಅಂತ ಅಲ್ಲಿ ಯಾರೂ ಅನ್ನಲಿಲ್ಲ. ಗದ್ದೆ ಅಭ್ಯಾಸ ಇಲ್ಲ ಅಂದರು. ಕುದುರೆ ವಿಷಯದಲ್ಲಿ ಮಾತ್ರ ನಾವು ಇಷ್ಟು ಸರಳ ಮಾತನ್ನು ಮರೆಯುತ್ತೇವೆ.

ನೆಲದ ಜೊತೆಗೆ ಏರಿಳಿತವೂ ಇದೆ. ಟೋಕಿಯೋ ಟ್ರ್ಯಾಕ್‌ನ ಅತಿ ಎತ್ತರ ಮತ್ತು ಅತಿ ತಗ್ಗಿನ ನಡುವೆ ಮೂರು ಮೀಟರ್ ಕೂಡ ವ್ಯತ್ಯಾಸ ಇಲ್ಲ. ಆರ್ಕ್‌ನಲ್ಲಿ ಕುದುರೆ ಹತ್ತು ಮೀಟರ್‌ನಷ್ಟು ಏರಬೇಕು, ಅಂದರೆ ಮೂರು ಅಂತಸ್ತಿನ ಮನೆಯಷ್ಟು. ಆಮೇಲೆ ತಿರುವಿನಲ್ಲೇ ಇಳಿಜಾರು. ಇಳಿದ ಮೇಲೆ ಒಂದು ನೇರ ದಾರಿ ಬರುತ್ತದೆ, ಆದರೆ ಅದು ಕೊನೆಯದಲ್ಲ. ಫ್ರೆಂಚರು ಅದಕ್ಕೆ ‘ಸುಳ್ಳು ನೇರದಾರಿ’ ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಕುದುರೆಯನ್ನು ಬಿಟ್ಟರೆ ಮುಗಿಯಿತು, ಅದಾದ ಮೇಲೆ ಇನ್ನೊಂದು ತಿರುವು, ಆಮೇಲೆ 500 ಮೀಟರ್‌ಗಿಂತ ಉದ್ದದ ನಿಜವಾದ ಕೊನೆ ಇದೆ. ಲಾಂಗ್‌ಶಾಂ ಬಲಗೈ ಟ್ರ್ಯಾಕ್, ಟೋಕಿಯೋ ಎಡಗೈ. ಇದನ್ನು ನಾನು ಅಷ್ಟು ದೊಡ್ಡದು ಮಾಡುವುದಿಲ್ಲ. ಜಪಾನಿನಲ್ಲೇ ನಕಯಾಮಾ, ಹನ್‌ಶಿನ್, ಕ್ಯೋಟೋ ಎಲ್ಲ ಬಲಗೈ. ಅಲ್ಲಿನ ಕುದುರೆಗಳಿಗೆ ಎರಡೂ ಕಡೆ ತಿರುಗಿ ಗೊತ್ತು.

ವೇಗದ ರೀತಿಯೂ ಬೇರೆ. ಜಪಾನಿನಲ್ಲಿ ದೊಡ್ಡ ರೇಸ್‌ಗಳು ಶುರುವಿನಿಂದಲೇ ಬಿರುಸಾಗಿ ಸಾಗುವುದು ಜಾಸ್ತಿ, ಕುದುರೆಗಳ ನಡುವೆ ಜಾಗವೂ ಇರುತ್ತದೆ. ಯುರೋಪಿನಲ್ಲಿ ಅರ್ಧ ದಾರಿ ಹಿಡಿದಿಟ್ಟು, ಒತ್ತೊತ್ತಾಗಿ, ಒಂದರ ಹೊಟ್ಟೆಗೆ ಒಂದು ತಾಗುವ ಹಾಗೆ ಹೋಗುತ್ತಾರೆ. ಬಿರುಸಿಗೆ ಒಗ್ಗಿದ ಕುದುರೆ ಆ ಗುಂಪಿನಲ್ಲಿ ಕಡಿವಾಣ ಜಗ್ಗಾಡುತ್ತದೆ. ಜಗ್ಗಾಡಿ ಕಳೆದುಕೊಂಡ ಶಕ್ತಿ ಕೊನೆಯ ಮುನ್ನೂರು ಮೀಟರ್‌ನಲ್ಲಿ ಸಾಲ ವಸೂಲಿಗೆ ಬರುತ್ತದೆ. ತೂಕದ್ದೂ ಒಂದು ಲೆಕ್ಕ ಇದೆ. ಆರ್ಕ್‌ನಲ್ಲಿ ನಾಲ್ಕು ವರ್ಷ ಅಥವಾ ಅದಕ್ಕಿಂತ ದೊಡ್ಡ ಗಂಡು ಕುದುರೆ ಜಾಕಿ, ಜೀನು ಸೇರಿ 59.5 ಕೆಜಿ ಹೊರಬೇಕು, ಮೂರು ವರ್ಷದ ಗಂಡು ಈಗ 56.5 ಕೆಜಿ. 2013ರಲ್ಲಿ ಓರ್ಫೆವ್ರ್ ಮತ್ತೆ ಹೋದಾಗ ಅದನ್ನು ಐದು ಲೆಂಗ್ತ್‌ನಲ್ಲಿ (ಒಂದು ಲೆಂಗ್ತ್ ಅಂದರೆ ಒಂದು ಕುದುರೆಯ ಉದ್ದ) ಸೋಲಿಸಿದ ಟ್ರೆವ್ ಮೂರು ವರ್ಷದ ಹೆಣ್ಣು, ಹೊತ್ತಿದ್ದು 54.5 ಕೆಜಿ. ಕೆಸರಿನಲ್ಲಿ ಐದು ಕೆಜಿ ಅಂದರೆ ಹುಡುಗಾಟ ಅಲ್ಲ.

ಹಾಗಾದರೆ ಇದೆಲ್ಲ ರಕ್ತದ್ದಾ, ಸಾಕಿದ್ದರದ್ದಾ? ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ ಭಾಗ ಇದು. ಇದನ್ನು ಪರೀಕ್ಷೆ ಮಾಡಿದ ಹಾಗೇ ಎರಡು ಕುದುರೆಗಳ ಕಥೆ ನಮ್ಮ ಮುಂದಿದೆ.

ಡೀಪ್ ಇಂಪ್ಯಾಕ್ಟ್ ಜಪಾನ್ ಕಂಡ ಅತಿ ಪ್ರೀತಿಯ ಕುದುರೆ. 2006ರಲ್ಲಿ ಹನ್ನೊಂದು ಓಟದಲ್ಲಿ ಹತ್ತು ಗೆದ್ದು ಪ್ಯಾರಿಸ್‌ಗೆ ಹೋಯಿತು. ಸಾವಿರಾರು ಜಪಾನಿಗಳು ವಿಮಾನ ಹತ್ತಿ ಹಿಂದೆಯೇ ಹೋದರು. ಮೂರನೆಯದಾಗಿ ಬಂತು, ಆಮೇಲೆ ಉಸಿರಾಟಕ್ಕೆ ಕೊಟ್ಟ ಔಷಧಿಯೊಂದು ಮೈಯಲ್ಲಿ ಸಿಕ್ಕಿ ಅದೂ ರದ್ದಾಯಿತು. ಈ ಕುದುರೆಯ ರಕ್ತವೇ ಗಟ್ಟಿ ನೆಲದ್ದು ಅಂತ ಆಗ ಎಲ್ಲರೂ ತೀರ್ಮಾನ ಕೊಟ್ಟರು. ಆದರೆ ಅದರ ಮಗ ಓಗುಸ್ತ್ ರೋದಾಂ ಐರ್ಲೆಂಡಿನಲ್ಲಿ ಹುಟ್ಟಿ, ಅಲ್ಲೇ ಟ್ರೇನರ್ ಏಡನ್ ಓ’ಬ್ರಯನ್ ಲಾಯದಲ್ಲಿ ಬೆಳೆದು, 2023ರಲ್ಲಿ ಇಂಗ್ಲೆಂಡಿನ ಏರಿಳಿತದ ಎಪ್ಸಮ್‌ನಲ್ಲಿ ಡರ್ಬಿ ಗೆದ್ದಿತು. ಮಗಳು ಸ್ನೋಫಾಲ್ 2021ರಲ್ಲಿ ಅದೇ ಎಪ್ಸಮ್‌ನ ಓಕ್ಸ್ ರೇಸನ್ನು ಹದಿನಾರು ಲೆಂಗ್ತ್‌ಗಳಿಂದ ಗೆದ್ದಿತು, ಅದೂ ನೆಂದ ನೆಲದಲ್ಲಿ. ತಂದೆಗೆ ಆಗದ್ದು ಮಕ್ಕಳಿಗೆ ಆಯಿತು, ಯಾಕೆಂದರೆ ಮಕ್ಕಳು ಬೆಳೆದ ಮಣ್ಣು ಬೇರೆ.

ಇದರ ತಲೆಕೆಳಗಾದ ಕಥೆ ಶಿನ್ ಎಂಪರರ್‌ದು. 2020ರ ಆರ್ಕ್ ಗೆದ್ದ ಸೊಟ್ಸಾಸ್‌ಗೆ ಇದು ಒಡಹುಟ್ಟಿದ ತಮ್ಮ. ತಂದೆಯೂ ಒಂದೇ, ತಾಯಿಯೂ ಒಂದೇ. ಮರಿಯಾಗಿದ್ದಾಗ ಫ್ರಾನ್ಸ್‌ನ ಹರಾಜಿನಲ್ಲಿ ಜಪಾನಿನವರು ಕೊಂಡುಕೊಂಡರು. ಆರ್ಕ್ ಗೆಲ್ಲುವ ರಕ್ತವನ್ನೇ ಮನೆಗೆ ತಂದು ಬೆಳೆಸಿದ ಹಾಗಾಯಿತು. 2024ರಲ್ಲಿ ಅದು ಆರ್ಕ್ ಓಡಿತು. ಹನ್ನೆರಡನೆಯದು. ಎರಡು ತಿಂಗಳು ಕಳೆಯುವುದರೊಳಗೆ ಟೋಕಿಯೋದಲ್ಲಿ ಜಪಾನ್ ಕಪ್ ಓಡಿ, ಇನ್ನೊಂದು ಕುದುರೆಯ ಜೊತೆ ಸಮವಾಗಿ ಎರಡನೆಯ ಸ್ಥಾನ ಪಡೆಯಿತು. ಫ್ರೆಂಚ್ ರಕ್ತ ಜಪಾನಿ ನೆಲದಲ್ಲಿ ಜಪಾನಿ ಕುದುರೆಯೇ ಆಗಿಹೋಗಿತ್ತು.

ಕುದುರೆಯ ಮೂಳೆ, ಸ್ನಾಯು, ಸ್ನಾಯುರಜ್ಜು ಎಲ್ಲ ಬೆಳೆಯುವ ವಯಸ್ಸಿನಲ್ಲಿ ಬಿದ್ದ ಪೆಟ್ಟಿಗೆ ತಕ್ಕ ಹಾಗೆ ರೂಪ ಪಡೆಯುತ್ತವೆ. ಎರಡು ವರ್ಷದ ಮರಿ ದಿನಾ ಬೆಳಿಗ್ಗೆ ಎಂಥ ನೆಲದಲ್ಲಿ ಓಡುತ್ತದೋ ಅಂಥ ನೆಲಕ್ಕೆ ಅದರ ಕಾಲು ತಯಾರಾಗುತ್ತದೆ. ಫ್ರಾನ್ಸ್‌ನ ತರಬೇತಿ ಊರು ಶಾಂತಿಯಿಯ ಕಾಡಿನ ನಡುವಿನ ದಾರಿಗಳಲ್ಲಿ ಓಡಿದ ಮರಿಗೂ, ಜಪಾನಿನ ರಿಟ್ಟೊ ತರಬೇತಿ ಕೇಂದ್ರದಲ್ಲಿ ಮರದ ಚಕ್ಕೆ ಹಾಸಿದ ಏರುದಾರಿಯಲ್ಲಿ ಸೆಕೆಂಡು ಎಣಿಸಿ ಓಡಿದ ಮರಿಗೂ ಮೈ ಒಂದೇ ಥರ ಆಗಲು ಸಾಧ್ಯವೇ ಇಲ್ಲ.

ಅಂದ ಮಾತ್ರಕ್ಕೆ ರಕ್ತ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಸ್ಟೇ ಗೋಲ್ಡ್ ಬಗ್ಗೆ ಹೇಳಲೇಬೇಕು. ನನಗೆ ಬಹಳ ಇಷ್ಟದ ಕುದುರೆ. ಚಿಕ್ಕ ಮೈ, ಕೆಟ್ಟ ಸಿಟ್ಟು. ಮನೆಯಲ್ಲಿ ದೊಡ್ಡ ರೇಸ್‌ಗಳಲ್ಲಿ ಮತ್ತೆ ಮತ್ತೆ ಎರಡನೆಯದು, ಮೂರನೆಯದು. ಒಟ್ಟು ಐವತ್ತು ಓಟ ಓಡಿತು. ಮನೆಯಲ್ಲಿ ಒಂದೂ ಜಿ1, ಅಂದರೆ ಅತಿ ಮೇಲಿನ ದರ್ಜೆಯ, ರೇಸ್ ಗೆಲ್ಲಲಿಲ್ಲ. 2001ರಲ್ಲಿ ದುಬೈಗೆ ಹೋಗಿ ಆ ಕಾಲದ ದೊಡ್ಡ ಕುದುರೆ ಫೆಂಟಾಸ್ಟಿಕ್ ಲೈಟನ್ನು ಮೂಗಿನ ಅಂತರದಲ್ಲಿ ಸೋಲಿಸಿತು. ಅದೇ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ, ತನ್ನ ಐವತ್ತನೆಯ ಮತ್ತು ಕೊನೆಯ ಓಟದಲ್ಲಿ, ಮೊದಲ ಜಿ1 ಗೆದ್ದಿತು. ಮನೆಯಲ್ಲಿ ಸೋತು ಹೊರಗೆ ಗೆದ್ದ ಕುದುರೆ.

ಈಗ ಆರ್ಕ್‌ನಲ್ಲಿ ಜಪಾನಿನ ನಾಲ್ಕು ಎರಡನೆಯ ಸ್ಥಾನಗಳನ್ನು ನೋಡಿ. 1999ರ ಎಲ್ ಕಾಂಡೋರ್ ಪಾಸಾ ಒಂದನ್ನು ಬಿಟ್ಟರೆ, 2010ರಲ್ಲಿ ವರ್ಕ್‌ಫೋರ್ಸ್‌ಗೆ ತಲೆಯಷ್ಟು ಅಂತರದಲ್ಲಿ ಸೋತ ನಕಯಾಮಾ ಫೆಸ್ಟಾ ಸ್ಟೇ ಗೋಲ್ಡ್‌ನ ಮಗ. 2012 ಮತ್ತು 2013ರ ಓರ್ಫೆವ್ರ್ ಕೂಡ ಸ್ಟೇ ಗೋಲ್ಡ್‌ನ ಮಗ. 2023ರಲ್ಲಿ ನಾಲ್ಕನೆಯದಾದ ಹೆಣ್ಣು ಕುದುರೆ ಥ್ರೂ ಸೆವೆನ್ ಸೀಸ್ ಸ್ಟೇ ಗೋಲ್ಡ್‌ನ ಮೊಮ್ಮಗಳು. ಇದೇ ವಂಶದ ಗೋಲ್ಡ್ ಶಿಪ್, ಸ್ಟೇ ಫೂಲಿಶ್ ಅಲ್ಲಿ ತೀರಾ ಹಿಂದೆ ಬಿದ್ದದ್ದೂ ನಿಜ, ಹಾಗಾಗಿ ಇದೊಂದು ಮಂತ್ರವೇನಲ್ಲ. ಆದರೂ ಒಂದು ಮಾತು ಎದ್ದು ಕಾಣುತ್ತದೆ. ನಕಯಾಮಾ ಫೆಸ್ಟಾ ಮತ್ತು ಥ್ರೂ ಸೆವೆನ್ ಸೀಸ್ ಮನೆಯಲ್ಲಿ ಆ ಕಾಲದ ನಂಬರ್ ಒನ್ ಕುದುರೆಗಳಾಗಿರಲಿಲ್ಲ.

ನನ್ನ ವಾದ ಇಷ್ಟೇ. ಪ್ರತಿ ವರ್ಷ ಮನೆಯ ಚಾಂಪಿಯನ್ನನ್ನು, ಡರ್ಬಿ ಗೆದ್ದದ್ದನ್ನು, ಕಳಿಸುವ ಅಭ್ಯಾಸವನ್ನು ಜಪಾನ್ ಬಿಡಬೇಕು. ಡರ್ಬಿ ಗೆದ್ದಿದೆ ಅಂದರೆ ಟೋಕಿಯೋದ ಗಟ್ಟಿ ಚಾಪೆಯ ಮೇಲೆ ಎಲ್ಲರಿಗಿಂತ ಚೆನ್ನಾಗಿ ಪುಟಿಯುತ್ತದೆ ಅಂತಷ್ಟೇ ಅರ್ಥ. ಹಾಗೆ ನೋಡಿದರೆ ಆರ್ಕ್‌ಗೆ ತೀರಾ ಒಗ್ಗದ ಕುದುರೆಯನ್ನು ಆರಿಸಲು ಇದಕ್ಕಿಂತ ಒಳ್ಳೆಯ ಜರಡಿ ಇಲ್ಲ. ಅಲ್ಲಿ ಸೋತಾಗ ಪತ್ರಿಕೆಗಳಲ್ಲಿ ಕೆಟ್ಟ ಹೆಸರು ಬರುವುದು ಜಾಕಿಗೆ, ಟ್ರೇನರ್‌ಗೆ. ಆದರೆ ಒಗ್ಗದ ಮಣ್ಣಿನಲ್ಲಿ 56.5 ಕೆಜಿ ಹೊತ್ತು, ಉಸಿರು ಕಟ್ಟಿ ಹತ್ತೊಂಬತ್ತನೆಯದಾಗಿ ಬಂದು ನಿಲ್ಲುವುದು ಕುದುರೆ. ತಾನು ಏನು ತಪ್ಪು ಮಾಡಿದೆ ಅಂತ ಅದಕ್ಕೆ ಗೊತ್ತೂ ಆಗುವುದಿಲ್ಲ.

ಇದು ಬರೀ ಜಪಾನಿನ ಗೋಳಲ್ಲ. ಐರ್ಲೆಂಡಿನ ಮೆಂಡೆಲ್‌ಸನ್ 2018ರಲ್ಲಿ ದುಬೈನಲ್ಲಿ ಯುಎಇ ಡರ್ಬಿಯನ್ನು ಹದಿನೆಂಟೂವರೆ ಲೆಂಗ್ತ್‌ಗಳಿಂದ ಗೆದ್ದು, ಕೆಲವೇ ವಾರಗಳಲ್ಲಿ ಮಳೆ ಸುರಿದ ಕೆಂಟಕಿ ಡರ್ಬಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಬಂತು. ಸೋಲನ್ನೇ ಕಾಣದ ಆಸ್ಟ್ರೇಲಿಯಾದ ಬ್ಲ್ಯಾಕ್ ಕೇವಿಯರ್ 2012ರಲ್ಲಿ ಇಂಗ್ಲೆಂಡಿನ ಆಸ್ಕಟ್‌ನಲ್ಲಿ ಓಡಿದಾಗ ತಲೆಯಷ್ಟು ಅಂತರದಲ್ಲಿ ಹೇಗೋ ಗೆದ್ದಿತು, ಆಮೇಲೆ ನೋಡಿದರೆ ಸ್ನಾಯು ಹರಿದಿತ್ತು. ಗೆದ್ದಿದ್ದೇ ಅದರ ದೊಡ್ಡತನ.

ಒಗ್ಗಿಸಿಕೊಳ್ಳಲು ಆಗುತ್ತದಾ? ಆಗುತ್ತದೆ, ಎರಡು ಕಡೆಯಿಂದಲೂ ಉದಾಹರಣೆ ಇದೆ. ಜಪಾನ್ ಕಪ್ಪನ್ನು 2005ರ ನಂತರ ಹೊರಗಿನ ಯಾವ ಕುದುರೆಯೂ ಗೆದ್ದಿರಲಿಲ್ಲ. 2022ರಲ್ಲಿ ಟೋಕಿಯೋ ರೇಸ್‌ಕೋರ್ಸ್ ಒಳಗೇ ಹೊರದೇಶದ ಕುದುರೆಗಳಿಗೆ ಲಾಯ ಕಟ್ಟಿದರು. ಬಂದ ಕುದುರೆ ಅಲ್ಲೇ ಉಳಿದು, ಓಡಬೇಕಾದ ಜಾಗದಲ್ಲೇ ಅಭ್ಯಾಸ ಮಾಡುವ ಹಾಗಾಯಿತು. 2025ರ ನವೆಂಬರ್‌ನಲ್ಲಿ ಫ್ರಾನ್ಸ್‌ನ ಕಲಂಡಗನ್ ಅಲ್ಲಿ ಗೆದ್ದಿತು, ಅದೂ 2 ನಿಮಿಷ 20.3 ಸೆಕೆಂಡ್‌ನಲ್ಲಿ, ಆಲ್ಮಂಡ್ ಐ 2018ರಲ್ಲಿ ಮಾಡಿದ್ದ ದಾಖಲೆಯನ್ನೇ ಮುರಿದು. ಕಲಂಡಗನ್ ಬೀಜ ತೆಗೆದ ಕುದುರೆ, ಹಾಗಾಗಿ ಆಗ ಸ್ವಂತ ದೇಶದ ಆರ್ಕ್‌ಗೆ ಅದನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಗಟ್ಟಿ ನೆಲ ಹಿಡಿಸುವ ಫ್ರೆಂಚ್ ಕುದುರೆಯೊಂದು ತನಗೆ ಹೊಂದುವ ಟ್ರ್ಯಾಕನ್ನು ಹುಡುಕಿಕೊಂಡು ಬಂದದ್ದು ಹೀಗೆ.

ಇನ್ನೊಂದು ಕಡೆಯ ಉದಾಹರಣೆ ಎಲ್ ಕಾಂಡೋರ್ ಪಾಸಾ. 1998ರಲ್ಲಿ ಜಪಾನ್ ಕಪ್ ಗೆದ್ದ ಈ ಕುದುರೆ ಹುಟ್ಟಿದ್ದು ಅಮೆರಿಕದಲ್ಲಿ. ಆಗ ಹೊರದೇಶದಲ್ಲಿ ಹುಟ್ಟಿದ ಕುದುರೆಗಳಿಗೆ ಜಪಾನ್ ಡರ್ಬಿಗೂ ಪ್ರವೇಶ ಇರಲಿಲ್ಲ, ತೆನ್ನೊ ಶೋ ಅನ್ನುವ ದೊಡ್ಡ ರೇಸ್‌ಗೂ ಇರಲಿಲ್ಲ. ಮನೆಯಲ್ಲಿ ಕೆಲವು ಬಾಗಿಲು ಮುಚ್ಚಿದ್ದವು. ಟ್ರೇನರ್ ಯೊಶಿತಕ ನಿನೊಮಿಯಾ 1999ರ ವಸಂತದಲ್ಲೇ ಅದನ್ನು ಫ್ರಾನ್ಸ್‌ಗೆ ಒಯ್ದು ಅಲ್ಲೇ ಬಿಟ್ಟರು. ಮೊದಲ ರೇಸ್‌ನಲ್ಲಿ ಎರಡನೆಯದು. ಆಮೇಲೆ ಸಾಂ ಕ್ಲೂದಲ್ಲಿ ಗೆಲುವು, ಸೆಪ್ಟೆಂಬರ್‌ನಲ್ಲಿ ಲಾಂಗ್‌ಶಾಂನಲ್ಲೇ ಇನ್ನೊಂದು ಗೆಲುವು. ತಿಂಗಳುಗಟ್ಟಲೆ ಅಲ್ಲಿನ ಮಣ್ಣು ತುಳಿದ ಮೇಲೆ ಆರ್ಕ್‌ಗೆ ಇಳಿಯಿತು. ನೆಲ ಪೂರ್ತಿ ನೆಂದಿತ್ತು. ಶುರುವಿನಿಂದ ಮುಂದೆ ಓಡಿ, ಕೊನೆಯಲ್ಲಿ ಮೊಂಜ್ಯೂಗೆ ಅರ್ಧ ಲೆಂಗ್ತ್‌ನಲ್ಲಿ ಸೋತಿತು. ಮೂರನೆಯ ಕುದುರೆ ಅದಕ್ಕಿಂತ ಆರು ಲೆಂಗ್ತ್ ಹಿಂದೆ ಇತ್ತು.

ಹಾಗೆ ಮಾಡಲು ಒಂದು ಇಡೀ ವರ್ಷದ ಮನೆಯ ಗಳಿಕೆ ಬಿಡಬೇಕು. ಈಗ ಜಪಾನ್ ಕಪ್‌ನ ಮೊದಲ ಬಹುಮಾನವೇ 50 ಕೋಟಿ ಯೆನ್, ಆರ್ಕ್‌ಗಿಂತ ಏನೂ ಕಡಿಮೆಯಿಲ್ಲ. ಮನೆಯ ಬಾಗಿಲುಗಳೆಲ್ಲ ತೆರೆದಿವೆ. ಸೆಪ್ಟೆಂಬರ್‌ನಲ್ಲಿ ಹೋಗಿ, ಒಂದು ತಯಾರಿ ರೇಸ್ ಓಡಿ, ಆರ್ಕ್ ಮುಗಿಸಿ, ನವೆಂಬರ್ ಹೊತ್ತಿಗೆ ಟೋಕಿಯೋಗೆ ವಾಪಸ್ ಬರುವ ಲೆಕ್ಕ ಮಾಲೀಕರಿಗೆ ಸರಿಯಾಗಿಯೇ ಕಾಣುತ್ತದೆ. ಆ ಲೆಕ್ಕ ಬದಿಗಿಟ್ಟು, ಎರಡು ವರ್ಷದ ಒಂದು ಮರಿಯನ್ನು ಶಾಂತಿಯಿಗೆ ಕಳಿಸಿ, ಅಲ್ಲಿನ ಮಳೆಯಲ್ಲೇ ಬೆಳೆಯಲು ಬಿಡುವ ಜಪಾನಿ ಮಾಲೀಕರೊಬ್ಬರು ಮುಂದೆ ಬರಲಿ. ಆ ವರ್ಷ ನಾನು ನಿಜವಾದ ಆಸೆ ಇಟ್ಟುಕೊಂಡು ಅಕ್ಟೋಬರ್‌ನ ಆ ಭಾನುವಾರ ಸಂಜೆ ಟಿವಿ ಹಾಕುತ್ತೇನೆ.